ಬ್ಲಾಗಿಗೆ ಬಂದ ಹೊಗಳುಭಟ್ಟರು

ಅತ್ತೆ ಹೇಳುವುದು, ನಾನು ನನ್ನ ಬ್ಲಾಗಿನಲ್ಲಿ ಬರೆಯುವುದು. ಕುಂದಗೋಳದ ನಮ್ಮ ಮನೆಯಲ್ಲಿ ಸಂಜೆಯ ಚಹಾದ ಜೊತೆ ಹತ್ತಿಕೊಂಡ ಚಟ ಇದು. ಅಡಿಗೆ, ಕೌದಿ ಹೊಲಿಯುವುದು, ತವರಿನ ಎಮ್ಮೆಯ ಹಟಮಾರಿತನ, ಏನು ನೆನಪಾದರೆ ಅದು. ಮೊಣಕಾಲು ನೋವು ಶುರುವಾದ ಮೇಲೆ ಅವರು ಹೊರಗಿನ ಕಟ್ಟೆಗೆ ಹೋಗಿ ನಾಲ್ಕು ಮಂದಿಯ ಜೊತೆ ಕೂಡುವುದು ನಿಂತಿತ್ತು. ಹಾಗಾಗಿ ಬೆಳಗಾದರೆ ಕೇಳುತ್ತಿದ್ದರು, “ಬ್ಲಾಗಿಗೆ ಯಾರರ ಬಂದಿದ್ರೇನವಾ?”

ಬಂದಿರುತ್ತಿದ್ದರು. ಗೋಧಿ ರೊಟ್ಟಿ ಕುಟ್ಟಿ ಬೆಲ್ಲ ಬೆರೆಸುವ ಮಾದಲಿಯ ಬಗ್ಗೆ ಬರೆದರೆ ಒಬ್ಬ ಇಂಗ್ಲಿಷಿನಲ್ಲಿ, “ಅದ್ಭುತ ಲೇಖನ, ಇದರಿಂದ ನನ್ನ ವ್ಯಾಪಾರ ಬೆಳೆಯಿತು” ಎಂದು ಬರೆದು, ಕೆಳಗೆ ಕೂದಲೆಣ್ಣೆಯ ಲಿಂಕು ಅಂಟಿಸಿದ್ದ. ಎಮ್ಮೆಯನ್ನು ಮೆಚ್ಚಿದವನು ಬೂಟು ಮಾರುವವನು. ನಾನು ಲಿಂಕು ನುಂಗಿ, ಹೊಗಳಿಕೆಯನ್ನಷ್ಟೇ ಕನ್ನಡದಲ್ಲಿ ಹೇಳುತ್ತಿದ್ದೆ. ಅತ್ತೆಯ ಮುಖ ಅರಳುವುದನ್ನು ನೋಡಲು ನನಗೂ ಖುಷಿ.

ಎಡವಟ್ಟಾದದ್ದು ನಮ್ಮ ಪದ್ಧತಿಯಿಂದ. ನಮ್ಮ ಕಡೆ ಯಾರೇ ಬಾಗಿಲಿಗೆ ಬರಲಿ, ಮೊದಲು ಬೆಲ್ಲ, ನೀರು, ಮಾತು ಆಮೇಲೆ. “ಬಂದವರನ್ನ ಹಂಗ ಕಳಸಬಾರ್ದು. ಎಲ್ಲಾರಿಗೂ ಒಂದೊಂದ ಮಾತ ಬರಿ,” ಎಂದು ಅತ್ತೆಯ ಅಪ್ಪಣೆಯಾಯಿತು. ಅಲ್ಲಿಯವರೆಗೆ ನನಗಷ್ಟೇ ಕಾಣುವಂತೆ ತಡೆದಿಟ್ಟಿದ್ದ ಬೂಟಿನವನ, ಎಣ್ಣೆಯವನ ಕಮೆಂಟುಗಳಿಗೆ ಒಪ್ಪಿಗೆ ಕೊಟ್ಟು, “ಸಂತೋಷಾತ್ರಿ, ಹಿಂಗ ಬರ್ತಿರ್ರಿ” ಎಂದು ಬರೆದೆ. ಒಮ್ಮೆ ಒಪ್ಪಿಗೆ ಪಡೆದವರನ್ನು ಬ್ಲಾಗು ಮತ್ತೆ ತಡೆಯುವುದಿಲ್ಲವೆಂದು ನನಗೇನು ಗೊತ್ತು! ವಾರದೊಳಗೆ ಅವೇ ಹೆಸರುಗಳಲ್ಲಿ ಸಾಲ ಕೊಡುವವರು, ಜೂಜಾಡಿಸುವವರು, ಬೊಜ್ಜು ಕರಗಿಸುವವರು ಹಿಂಡುಗಟ್ಟಿ ಬಂದರು. ಮಾದಲಿಯ ಕೆಳಗೇ ಬೊಜ್ಜಿನವರು ಠಿಕಾಣಿ ಹೂಡಿದರು.

ಸಿಟ್ಟು ನೆತ್ತಿಗೇರಿತು. ಆ ಕಮೆಂಟುಗಳನ್ನೆಲ್ಲ ಅಳಿಸಿ, ಬ್ಲಾಗಿನ ಬಾಗಿಲಿಗೊಂದು ಪ್ರಶ್ನೆ ತೂಗುಹಾಕಿದೆ: ಕಾರಹುಣ್ಣಿಮೆಗೆ ಎತ್ತುಗಳಿಂದ ಏನು ಹರಿಸುತ್ತಾರೆ? ಎತ್ತು ಓಡಿಸಿ ಹರಿಸುವ ಊರಬಾಗಿಲಿನ ಆ ತೋರಣದ ಹೆಸರು, “ಕರಿ” ಎಂದು ಬರೆದವರಿಗಷ್ಟೇ ಪ್ರವೇಶ. ಬೂಟಿನವನು, ಎಣ್ಣೆಯವನು ತೆಪ್ಪಗಾದರು.

ಮನೆಯೂ ತೆಪ್ಪಗಾಯಿತು.

“ಯಾರೂ ಬಂದಿಲ್ಲೇನು?”

“ಇಲ್ರಿ ಅತ್ತಿ.”

ಕೆಲವು ದಿನ ಕೇಳಿ, ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ಚಹಾದ ಹೊತ್ತಿಗೆ ನಾನು ಬರೆಯಲು ಕೂತರೆ, “ಯಾರ ಸಲುವಾಗಿ ಹೇಳ್ಲಿ? ಬಿಡು,” ಎಂದು ಮಲಗಿಬಿಟ್ಟರು. ಇವರು ಹೇಳುವುದೇ ನಿಂತರೆ ಬ್ಲಾಗು ಇದ್ದರೇನು, ಬಿಟ್ಟರೇನು? ಸುಳ್ಳು ಹೊಗಳಿದರೂ ಚಿಂತೆಯಿಲ್ಲ, ಬೂಟಿನವನನ್ನೇ ಮತ್ತೆ ಕರೆಯೋಣವೆಂದು ಪ್ರಶ್ನೆ ತೆಗೆಯಲು ಹೋದೆ.

ಅಲ್ಲೊಂದು ಕಮೆಂಟು ಕಾದಿತ್ತು. “ಕರಿ” ಎಂದು ಸರಿಯಾಗಿ ಬರೆದು ಒಳಗೆ ಬಂದಿದ್ದವರು ಬಮ್ಮಿಗಟ್ಟಿಯ ಒಬ್ಬ ಹೆಣ್ಣುಮಗಳು. ನಮ್ಮ ಮಂದಿ ಉಂಡ ಮನೆಯಲ್ಲಿ ಒಂದು ಕೊರತೆ ಹುಡುಕದೆ ಏಳುವವರಲ್ಲ. “ನಿಮ್ಮ ಮಾದಲಿ ಮಾಡಿ ನೋಡಿದ್ನಿರಿ. ಒಣಶುಂಠಿ ಹಾಕೂದ ಮರತೀರಿ. ಹಿಂಗ ಅರ್ಧಾಮರ್ಧಾ ಬರದ್ರ ಹೆಂಗ್ರಿ?”

ಹೆದರುತ್ತಲೇ ಓದಿ ಹೇಳಿದೆ. ಅತ್ತೆ ದಡಕ್ಕನೆ ಎದ್ದು ಕುಳಿತರು.

“ಏನ, ನಾ ಮರತೀನಿ? ನಮ್ಮ ಮನ್ಯಾಗ ಶುಂಠಿ ಹಾಕೂದ ಇಲ್ಲ! ಆಕೀಗೇನ ಗೊತ್ತು?” ಗುಡುಗಿದವರು ಮರುಗಳಿಗೆಗೆ ನಗತೊಡಗಿದರು. “ಇಷ್ಟ ಮಂದಿ ಬಂದು ಛಲೋ ಐತಿ ಅಂದ್ರು. ಉಂಡಾಕಿ ಈಕಿ ಒಬ್ಬಾಕಿ ನೋಡವಾ.”

“ಹಂಗಾರ ಬೆಲ್ಲ ನೀರು ಕೊಡೂಣೇನ್ರಿ?”

“ಅದು ಆಮ್ಯಾಲ,” ಎಂದರು ಅತ್ತೆ, ಕುರ್ಚಿಯನ್ನು ನನ್ನ ಬಾಜು ಎಳೆದುಕೊಳ್ಳುತ್ತ. “ಮೊದಲ ಜಗಳಾ. ಬರಿ.”