ಬೆನ್ನ ಹಚ್ಚಿ ಕುಂಡ್ರು

ಅವರ ಎರಡು ಕೈಗೆ ಎರಡು ಬಣ್ಣ. ಬಲಗೈ ಮೊಳಕೈಯಿಂದ ಕೆಳಗೆ ಹೊತ್ತಿದ ರೊಟ್ಟಿಯ ಹಾಗೆ ಕಪ್ಪು, ಎಡಗೈ ಗೋದಿ ಬಣ್ಣ. ಇಪ್ಪತ್ತೆಂಟು ವರ್ಷ ಸರಕಾರಿ ಜೀಪು ಹೊಡೆದ ಮನುಷ್ಯ. ಬಲಗೈ ಯಾವಾಗಲೂ ಜೀಪಿನ ಬಾಗಿಲ ಮೇಲೆ ಬಿಸಿಲಿಗೆ ಬಿದ್ದಿರುತ್ತಿತ್ತು. ನಾವು ಹುಡುಗಿಯರು ನೋಡಿ ಕಿಸಕ್ಕನೆ ನಕ್ಕರೆ ಎರಡೂ ಕೈ ಮುಂದೆ ಚಾಚಿ, "ಇದು ಸರಕಾರದ್ದು, ಇದು ನಂದು. ಯಾವುದರ ಏಟು ಬೇಕು ಹೇಳ್ರಿ?" ಅನ್ನುತ್ತಿದ್ದರು. ನಾವು "ನಿಮ್ಮದು" ಅಂದರೆ ಎಡಗೈಯಿಂದ ತಲೆಗೊಂದು ಮೆತ್ತನೆಯ ಮೊಟಕು ಬೀಳುತ್ತಿತ್ತು.

ಬೈಲಹೊಂಗಲದಲ್ಲಿ ನಮ್ಮ ಕೇರಿಗೂ ಅವರ ಓಣಿಗೂ ನಡುವೆ ಇದ್ದದ್ದು ಒಂದು ಗಟಾರ, ಒಂದು ನಳ. ನೀರು ಬಂದಾಗ ಅವರ ಹೆಂಡತಿಗೂ ನಮ್ಮವ್ವನಿಗೂ ಕೊಡಕ್ಕೆ ಕೊಡ ತಾಗಿ ಜಗಳ. ಸಂಜೆಯಾದರೆ ಒಬ್ಬರ ಮನೆಯ ಪಲ್ಯ ಇನ್ನೊಬ್ಬರ ಮನೆಗೆ. ಕೇರಿಯ ಮಕ್ಕಳಿಗೆಲ್ಲ ಅವರು ಡ್ರೈವರ್ ಚಾಚಾ. ನಮ್ಮಪ್ಪ ಮಾರ್ಕೆಟ್ಟಿನಲ್ಲಿ ಚೀಲ ಹೊರುತ್ತಿದ್ದ. ಮನೆಯಲ್ಲಿ ಹತ್ತನೇತ್ತೆ ಮುಟ್ಟಿದವಳು ನಾನೇ ಮೊದಲು. ಹತ್ತರ ಆಚೆ ಏನಿದೆ ಅನ್ನುವುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವ್ವನಿಗೆ ಗೊತ್ತಿದ್ದದ್ದು ಮದುವೆ ಒಂದೇ.

ಚಾಚಾ ಪ್ರತಿ ಬೇಸಿಗೆಗೂ ಒಂದು ಕೆಲಸ ಮಾಡುತ್ತಿದ್ದರು. ಹತ್ತನೇತ್ತೆ ಪರೀಕ್ಷೆ ಮುಗಿದ ಕೂಡಲೇ ತಮ್ಮ ರಜೆ ಹಾಕಿ, ನಮ್ಮಂಥ ನಾಲ್ಕೈದು ಮಕ್ಕಳನ್ನು ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದರು. ಗುಡಿಗಲ್ಲ, ಗುಡ್ಡಕ್ಕಲ್ಲ. ಒಂದು ದಿನ ಕಿತ್ತೂರಿನ ಕಚೇರಿ, ಒಂದು ದಿನ ಸವದತ್ತಿಯ ಕೋರ್ಟು, ಒಂದು ದಿನ ಧಾರವಾಡದ ಕಾಲೇಜು. ಅಲ್ಲಿ ಕೆಲಸ ಮಾಡುವವರು ಏನು ಓದಿದ್ದಾರೆ, ಆ ಓದಿಗೆ ಯಾವ ಫಾರ್ಮ್ ತುಂಬಬೇಕು, ಹಾಸ್ಟೆಲ್ಲಿಗೆ ಯಾರನ್ನು ಕೇಳಬೇಕು, ಎಲ್ಲ ನಮ್ಮ ಬಾಯಿಂದಲೇ ಕೇಳಿಸುತ್ತಿದ್ದರು. ತಾವು ಓದಿದ್ದು ನಾಲ್ಕನೇತ್ತೆ. ಆದರೆ ಸಾಹೇಬರನ್ನು ಇಳಿಸಿ ಇಪ್ಪತ್ತೆಂಟು ವರ್ಷ ಹೊರಗೆ ಕಾದವರಿಗೆ ಯಾವ ಕಚೇರಿಯ ಯಾವ ಬಾಗಿಲು ಎಲ್ಲಿ ತೆರೆಯುತ್ತದೆ ಅನ್ನುವುದು ಬಾಯಿಪಾಠ ಆಗಿತ್ತು.

ಅವರ ದೋಸ್ತಿಯೆಲ್ಲ ಕಚೇರಿಯ ಸಿಪಾಯಿಗಳ ಜೊತೆ. "ಸಾಹೇಬರ ಗುರುತು ಇಟಕೊಂಡು ಏನ ಮಾಡತಿ ಬೇಟಿ? ಸಾಹೇಬ ವರ್ಗ ಆಗಿ ಹೊಕ್ಕಾನ. ಸಿಪಾಯಿ ಇಲ್ಲೇ ಇರತಾನ, ಬಾಗಲದ ಕೀಲಿ ಅವನ ಸೊಂಟದಾಗ ಇರತೈತಿ" ಅನ್ನುತ್ತಿದ್ದರು. ಅದು ಎಷ್ಟು ಖರೆ ಅನ್ನುವುದು ನನಗೆ ಸವದತ್ತಿಯಲ್ಲಿ ತಿಳಿಯಿತು.

ತೊಂಬತ್ತರ ದಶಕದ ಒಂದು ಬೇಸಿಗೆ. ಬಸ್ಸು ಮುರಗೋಡ ದಾಟುವಷ್ಟರಲ್ಲಿ ನಾನು ಎರಡು ಸಲ ವಾಂತಿ ಮಾಡಿಕೊಂಡಿದ್ದೆ. ಸವದತ್ತಿಯ ಒಂದು ಕಚೇರಿಯ ಕಟ್ಟೆಯ ಮೇಲೆ ಕುಂತು ಬುತ್ತಿ ಬಿಚ್ಚಿದೆವು. ಒಂದು ಗಂಟೆಗೆ ಸಾಹೇಬರು ಊಟಕ್ಕೆ ಹೋದರು. ಸಿಪಾಯಿ ಆಚೆ ಈಚೆ ನೋಡಿ ಕಣ್ಣು ಮಿಟುಕಿಸಿದ. ಚಾಚಾ ನಮ್ಮನ್ನು ಒಳಗೆ ಕರಕೊಂಡು ಹೋಗಿ, ಸಾಹೇಬರ ಕುರ್ಚಿ ತೋರಿಸಿ, "ಒಬ್ಬೊಬ್ಬರ ಒಂದೊಂದ ಮಿನಿಟು ಕುಂಡ್ರಿ" ಅಂದರು.

ಯವ್ವಾ! ಕುರ್ಚಿಯ ಬೆನ್ನಿಗೆ ಬೆಳ್ಳನೆಯ ಟವೆಲ್ ಹಾಕಿದ್ದರು. ನನ್ನ ಬೆನ್ನು ಅದಕ್ಕೆ ತಾಗಿದರೆ ಮೈಲಿಗೆ ಆದೀತು ಅನ್ನುವುದು ಯಾರೂ ಹೇಳದೆಯೇ ನನಗೆ ಗೊತ್ತಿತ್ತು. ಬಾಯಿ ತೆರೆಯುವುದಕ್ಕಿಂತ ಮೊದಲು ನಮ್ಮ ಕೇರಿಯ ಮಕ್ಕಳು ಕಲಿಯುವ ಪಾಠ ಅದು. ಹಿಡಿಕೆಯನ್ನೂ ಮುಟ್ಟದೆ ಅಂಚಿಗೆ ತುದಿ ಊರಿ ಕುಂತೆ.

"ಅಂಚಿಗೆ ಅಲ್ಲ. ಬೆನ್ನ ಹಚ್ಚಿ ಕುಂಡ್ರು" ಅಂದರು ಚಾಚಾ.

"ಟವೆಲ್ ಹೊಲಸ ಆಕ್ಕೇತ್ರಿ ಚಾಚಾ."

"ಹೊಲಸ ಆದರ ಒಗೀತಾರ. ಟವೆಲ್ ಇರೂದ ಅದಕ್ಕ. ಹಚ್ಚು ಬೆನ್ನ."

ಹಚ್ಚಿದೆ. ಮೆತ್ತಗಿತ್ತು. ಅವರು ಗಡಿಯಾರ ನೋಡುತ್ತ, "ಈಗ ಹೇಳು, ಅಲ್ಲಿಂದ ಏನ ಕಾಣತೈತಿ?" ಅಂದರು.

"ಬಾಗಲಾ ಕಾಣತೈತ್ರಿ. ಹೊರಗ ಮಂದಿ ನಿಂತಾರ, ಅವರು ಕಾಣತಾರ."

"ಅಷ್ಟ ನೆನಪಿಟ್ಟರ ಸಾಕು. ಏಳು, ನಿನ್ನ ಮಿನಿಟು ಮುಗೀತು."

ಆ ಒಂದು ಮಿನಿಟು ನನ್ನನ್ನು ಮೈಯೊಳಗಿಂದ ಎಬ್ಬಿಸಿತು. ಅವ್ವನ ಜೊತೆ ಜಗಳಾಡಿ ಕಾಲೇಜು ಸೇರಿದೆ. ಧಾರವಾಡದ ಹಾಸ್ಟೆಲ್ಲಿನ ಫಾರ್ಮಿಗೆ ಸಹಿ ಮಾಡಿಸಲು ಚಾಚಾ ಮೂರು ಸಲ ನನ್ನ ಜೊತೆ ಓಡಾಡಿದರು. ಡಿಗ್ರಿ ಆಯಿತು, ಪರೀಕ್ಷೆ ಬರೆದೆ, ರಾಮದುರ್ಗದಲ್ಲಿ ಅಧಿಕಾರಿಯಾಗಿ ಬಂದೆ. ಇಲಾಖೆ ಯಾವುದು ಅಂತ ಹೇಳುವುದಿಲ್ಲ, ಇಲಾಖೆಯ ತಪ್ಪು ಏನೂ ಇಲ್ಲ. ಪೇಢೆ ತಗೊಂಡು ಹೋದಾಗ ಚಾಚಾ ನಿವೃತ್ತರಾಗಿ ಮನೆಯ ಮುಂದೆ ಕುಂತಿದ್ದರು. ಕಾಲಿಗೆ ಬಿದ್ದರೆ "ಏಳ, ಏಳ ಹುಚ್ಚಿ" ಅಂತ ಎಬ್ಬಿಸಿ ಅಂದರು: "ನನಗೇನೂ ಬ್ಯಾಡ ಬೇಟಿ. ಬ್ಯಾಸಗಿಯೊಳಗ ಒಂದಿನ, ಒಂದು ಗಂಟೆಗೆ, ನಿನ್ನ ಬಾಗಲಾ ತೆರದಿಡು."

"ಅಯ್ಯ ಚಾಚಾ, ಅದನ್ನೂ ಕೇಳಬೇಕ? ಅದು ನಿಮ್ಮದ ಕುರ್ಚಿ" ಅಂದೆ. ಎಷ್ಟು ಸಲೀಸಾಗಿ ಅಂದೆ ನೋಡಿ.

ಇನ್ನು ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯಬೇಕು, ಇಷ್ಟು ವರ್ಷ ಬಚ್ಚಿಟ್ಟದ್ದು ಸಾಕು.

ಕಚೇರಿಯಲ್ಲಿ ನನ್ನ ಬೆನ್ನ ಹಿಂದೆ ಮಾತು ನಡೆಯುತ್ತಿತ್ತು. ಮೀಸಲಾತಿಯಾಕಿ, ಇವಳಿಗೇನು ಬರುತ್ತದೆ ಅಂತ. ಕೇಳಿದರೂ ಕೇಳದವರ ಹಾಗೆ ಇರುತ್ತಿದ್ದೆ. ಅದರ ಸಿಟ್ಟಿಗೆ ಭಾಳ ಬಿಗಿ ಆಗಿಬಿಟ್ಟೆ. ನಗುವುದು ಬಿಟ್ಟೆ, ಊರಿನ ಮಂದಿ ಬಂದರೆ ಹೊರಗೇ ಮಾತಾಡಿಸಿ ಕಳಿಸಿದೆ. ನನ್ನ ಕುರ್ಚಿಗೂ ಬೆಳ್ಳನೆಯ ಟವೆಲ್ ಬಂತು. ಅದು ದಿನಾ ಒಗೆದು ಇಸ್ತ್ರಿ ಆಗಿರಬೇಕು ಅಂತ ನಾನೇ ಕಟ್ಟಪ್ಪಣೆ ಮಾಡಿದ್ದೆ.

ಮರುವರ್ಷದ ಬೇಸಿಗೆ. ಬೆಳಗಾವಿಯಿಂದ ಮೇಲಧಿಕಾರಿಗಳು ತಪಾಸಣೆಗೆ ಬಂದಿದ್ದರು. ಅವರನ್ನು ಊಟಕ್ಕೆ ಕರಕೊಂಡು ಹೋಗಿದ್ದೆ. ಚಾಚಾ ಬರುತ್ತೇನೆ ಅಂತ ವಾರದ ಹಿಂದೆ ಕಾರ್ಡು ಬರೆದಿದ್ದರು. ತಪಾಸಣೆಯ ಗದ್ದಲದಲ್ಲಿ ಅದು ನನ್ನ ತಲೆಯಿಂದ ಹಾರಿಹೋಗಿತ್ತು. ಸಾಹೇಬರಿಗೆ ಒಂದು ಫೈಲು ನೋಡಬೇಕಾಗಿ ಊಟ ಮುಗಿಸಿ ಲಗೂನೆ ಹಿಂದಿರುಗಿದೆವು. ನನ್ನ ಕೋಣೆಯ ಬಾಗಿಲು ತೆರೆದಿತ್ತು.

ನನ್ನ ಕುರ್ಚಿಯಲ್ಲಿ ಒಬ್ಬ ಹುಡುಗಿ ಕುಂತಿದ್ದಳು. ಎರಡು ಜಡೆ, ಬಣ್ಣ ಹೋದ ಹಸಿರು ಲಂಗ. ಬೆನ್ನು ಟವೆಲ್ಲಿಗೆ ಚೆನ್ನಾಗಿ ಹಚ್ಚಿ, ಗಲ್ಲ ಎತ್ತಿ ಕುಂತಿದ್ದಳು. ಮೂವರು ಮಕ್ಕಳು ಗೋಡೆಗೆ ಸಾಲಾಗಿ ನಿಂತಿದ್ದರು. ನಮ್ಮ ಮುದುಕ ಸಿಪಾಯಿ ಒಂದು ಕಡೆ. ಚಾಚಾ ಗಡಿಯಾರ ನೋಡುತ್ತ ನಿಂತಿದ್ದವರು ತಿರುಗಿದರು. ನನ್ನನ್ನು ಕಂಡ ಕೂಡಲೇ ಅವರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಅವರು ಮಕ್ಕಳಿಗೆ ನನ್ನ ಸುದ್ದಿ ಹೇಳಿರಲಿಲ್ಲ, "ಈ ಕುರ್ಚಿಯ ಒಡತಿ ಯಾರು ಅನ್ನೂದು ಆಕಿ ಬಂದ ಮ್ಯಾಲೆ ಹೇಳತೇನಿ" ಅಂತ ಬಚ್ಚಿಟ್ಟಿದ್ದರಂತೆ. ಸಿಪಾಯಿ ಆಮೇಲೆ ಹೇಳಿದ.

ಸಾಹೇಬರು ನಕ್ಕರು. "ಏನ್ ಮೇಡಂ, ನಿಮ್ಮ ಕುರ್ಚಿಗೆ ಆಗಲೇ ವಾರಸುದಾರರು ಬಂದುಬಿಟ್ಟಾರಲ್ಲ! ನಿಮ್ಮ ಮಂದಿ ಏನು?"

ನಿಮ್ಮ ಮಂದಿ. ಆ ಎರಡು ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಉರಿ ಹೋಗಬೇಕಾದದ್ದು ಅವರ ಕಡೆಗೆ. ನಾನು ತಿರುಗಿದ್ದು ಚಾಚಾನ ಕಡೆಗೆ.

"ನಮ್ಮ ಮಂದಿ ಅಲ್ಲ ಸರ್, ಯಾರೋ ಏನೋ" ಅಂದೆ. "ಯಾರ್ರಿ ನೀವು? ಯಾರನ್ನ ಕೇಳಿ ಒಳಗ ಬಂದ್ರಿ?"

ಹುಡುಗಿ ಜಿಗಿದು ಎದ್ದಳು. ಚಾಚಾ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಆ ಕಪ್ಪು ಕೈ, ಆ ಗೋದಿ ಕೈ ಎರಡನ್ನೂ ಜೋಡಿಸಿದರು. "ತಪ್ಪಾತ್ರಿ ಮೇಡಂ. ಹುಡುಗರ ನೀರು ಕೇಳಿದ್ವು, ಅದಕ್ಕ ಬಂದ್ವಿ" ಅಂದರು. ಜೀವಮಾನದಲ್ಲಿ ಮೊದಲ ಸಲ ಅವರು ನನಗೆ 'ರೀ' ಹಚ್ಚಿದರು.

ಅಷ್ಟಕ್ಕೆ ನಿಂತಿದ್ದರೂ ಆಗುತ್ತಿತ್ತು. ನಾನು ನಿಲ್ಲಲಿಲ್ಲ. ಸಾಹೇಬರು ನೋಡುತ್ತಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಸಿಪಾಯಿಯನ್ನು ಕರೆದು, "ಟವೆಲ್ ಬದಲಿಸು" ಅಂದೆ.

ಹುಡುಗಿ ಇನ್ನೂ ಬಾಗಿಲು ದಾಟಿರಲಿಲ್ಲ. ತಿರುಗಿ ಕುರ್ಚಿ ನೋಡಿದಳು, ಸಿಪಾಯಿ ಟವೆಲ್ ಎಳೆಯುವುದನ್ನು ನೋಡಿದಳು, ನನ್ನನ್ನು ನೋಡಿದಳು. ಚಾಚಾ ಅವಳ ಹೆಗಲಿಗೆ ಕೈ ಹಾಕಿ ಹೊರಗೆ ಕರಕೊಂಡು ಹೋದರು. ಹೊಸ ಟವೆಲ್ಲಿಗೆ ಬೆನ್ನು ಹಚ್ಚಿ ಕುಂತು ನಾನು ಫೈಲು ತೆರೆದೆ.

ಅವತ್ತೇ ಸಂಜೆ ಸಿಪಾಯಿಗೆ ಮೆಮೋ ಕೊಟ್ಟೆ. ಅವನು ಕೊಟ್ಟ ಉತ್ತರದಲ್ಲಿ ನನಗೂ ಚಾಚಾನಿಗೂ ಇರುವ ಸಂಬಂಧದ ಒಂದು ಅಕ್ಷರ ಇರಲಿಲ್ಲ. "ಯಾಕ ಬರೀಲಿಲ್ಲ?" ಅಂತ ಕೇಳಿದೆ. "ಡ್ರೈವರ್ ಸಾಹೇಬ್ರು ಬರೀಬ್ಯಾಡ ಅಂದ್ರರಿ. ನಮ್ಮ ಹುಡುಗಿ ಮ್ಯಾಲೆ ಕಾಗದದಾಗ ಏನೂ ಬರಬಾರದು ಅಂದ್ರು" ಅಂದ. ಹತ್ತಿದ ಏಣಿ ಒದ್ದರು ಅಂತ ಮಂದಿಯನ್ನು ಬಯ್ಯುತ್ತಾರಲ್ಲ, ನಾನು ಏಣಿ ಹಿಡಿದು ನಿಂತವರನ್ನೇ ಒದ್ದಿದ್ದೆ.

ಸಿಪಾಯಿಗಳ ಸುದ್ದಿಗೆ ತಂತಿ ಬೇಕಿಲ್ಲ. ರಾಮದುರ್ಗದಲ್ಲಿ ಮೆಮೋ ಕೊಟ್ಟರಂತೆ ಅನ್ನುವುದು ತಿಂಗಳೊಳಗೆ ಸವದತ್ತಿ, ಕಿತ್ತೂರು, ಬೈಲಹೊಂಗಲ ಎಲ್ಲಾ ಮುಟ್ಟಿತು. ಯಾರಿಗೆ ಬೇಕು, ಹೊಟ್ಟೆಪಾಡಿನ ಪ್ರಶ್ನೆ. ಮುಂದಿನ ಬೇಸಿಗೆ ಯಾವ ಬಾಗಿಲೂ ತೆರೆಯಲಿಲ್ಲ. ಚಾಚಾ ಮಕ್ಕಳನ್ನು ಗೇಟಿನ ಹೊರಗೆ ನಿಲ್ಲಿಸಿ, ಅಲ್ಲಿಂದಲೇ ಕೈ ಮಾಡಿ ತೋರಿಸಿದರಂತೆ. ಅದರ ಮುಂದಿನ ಬೇಸಿಗೆ ಎಲ್ಲಿಗೂ ಹೋಗಲಿಲ್ಲ.

ಇದನ್ನು ನನಗೆ ಹೇಳಿದವಳು ಅವ್ವ, ಮೆಮೋ ಕೊಟ್ಟವಳು ನಾನೇ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ರಾಮದುರ್ಗಕ್ಕೆ ಬಂದಾಗ ನನಗೆ ರೊಟ್ಟಿ ಬಡಿಸುತ್ತ ಹೇಳಿದಳು. "ನೇಸರಗಿ ಊರ ಕೇರಿಯ ಒಂದು ಹುಡುಗಿ ಇತ್ತಂತ. ಭಾಳ ಶಾಣ್ಯಾಕಿ. ಯಾವುದೋ ಆಫೀಸಿನ್ಯಾಗ ಆಕಿ ಕುಂತ ಟವೆಲ್ ತಗಿಸಿದ್ರಂತ. ಕಾಲೇಜಿನ ಫಾರ್ಮ ತುಂಬವಲ್ಲೆ ಅಂತ ಕುಂತಬಿಟ್ಲಂತ. ಚಾಚಾ ಮೂರ ಸರ್ತಿ ಹೋಗಿ ಹೇಳಿದ್ರೂ ಕೇಳಲಿಲ್ಲಂತ. ಯಾರು ಹಂಗ ಮಾಡಿದಾಕಿ ಅಂದ್ರ ಚಾಚಾ ಹೆಸರ ಹೇಳವಲ್ರು. ಆಕಿ ಬಾಯಾಗ ಮಣ್ಣ ಬೀಳಲಿ!"

"ಹೌದಬೇ" ಅಂದೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಕ್ಷಮೆ ಕೇಳಲು ಹೋಗಲಿಲ್ಲವೇ ಅಂದರೆ, ಹೋದೆ. ಒಮ್ಮೆ ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹಣ್ಣು ಕೊಂಡು ಓಣಿಯ ತನಕ ಹೋದೆ. ಚಾಚಾ ಚಹಾದಂಗಡಿಯ ಬೆಂಚಿನ ಮೇಲೆ ಕುಂತಿದ್ದರು. ನಿವೃತ್ತರಾಗಿ ವರ್ಷಗಳಾಗಿದ್ದರೂ ಆ ಬಲಗೈಯ ಕಪ್ಪು ಹೋಗಿರಲಿಲ್ಲ. ಅವರು ನನ್ನನ್ನು ನೋಡಿದರೆ ಬೈಯುವುದಿಲ್ಲ, "ಬಾ ಬೇಟಿ, ಚಾ ಕುಡಿ" ಅನ್ನುತ್ತಾರೆ ಅಂತ ನನಗೆ ಗೊತ್ತಿತ್ತು. ಅದನ್ನು ತಡೆದುಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ಹಣ್ಣಿನ ಚೀಲ ಹಿಡಿದುಕೊಂಡೇ ಮರಳಿ ಬಸ್ಸು ಹತ್ತಿದೆ.

ಅವರು ತೀರಿಕೊಂಡ ಸುದ್ದಿ ಬಂದಾಗ ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ನಾನು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಗಂಡಸರು ಓಣಿಯಲ್ಲಿ ನಿಂತಿದ್ದರು. ಒಳಗೆ ಹೆಂಗಸರು ಚಾಪೆಯ ಮೇಲೆ ಕುಂತಿದ್ದರು. ಚಾಚಾನ ಹೆಂಡತಿಯ ಮಗ್ಗುಲಿಗೆ ನಮ್ಮವ್ವ. ಮನೆಯಲ್ಲಿ ಇದ್ದದ್ದು ಒಂದೇ ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ ಒಬ್ಬ ಹೆಣ್ಣುಮಗಳು ಮಲಗಿದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಂತಿದ್ದಳು. ಬೆನ್ನು ನೆಟ್ಟಗೆ ಕುರ್ಚಿಗೆ ಹಚ್ಚಿತ್ತು. ಅದನ್ನು ನೋಡಿಯೇ ನನಗೆ ಗುರುತು ಹತ್ತಿತು.

ಅವಳಿಗೂ ಹತ್ತಿತು. ಕೂಸನ್ನು ಅವುಚಿಕೊಂಡು ಅವತ್ತಿನ ಹಾಗೇ ಜಿಗಿದು ಎದ್ದಳು. ಸೆರಗಿನ ತುದಿ ಹಿಡಿದು ತಾನು ಕುಂತಿದ್ದ ಜಾಗವನ್ನು, ಬೆನ್ನು ತಾಗಿದ್ದ ಜಾಗವನ್ನು ಮೇಲಿಂದ ಕೆಳಗೆ ಒರೆಸಿದಳು. "ಕುಂಡ್ರಿ ಮೇಡಂ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಅವ್ವ ತಲೆ ಎತ್ತಿದಳು. "ನೇಸರಗ್ಯಾಕಿ ನೀ, ನಮ್ಮ ಹುಡುಗಿ ನಿನಗ ಹೆಂಗ ಗೊತ್ತವಾ?"

"ಸಣ್ಣಾಕಿದ್ದಾಗ ರಾಮದುರ್ಗದಾಗ ಒಮ್ಮೆ ನೋಡೀನ್ರಿ" ಅಂದಳು ಅವಳು.

ಅವ್ವ ಒರೆಸಿದ ಕುರ್ಚಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಕೈ ತಾನಾಗಿಯೇ ಬಾಯಿಗೆ ಹೋಯಿತು. ಮುಖ ಗೋಡೆಯ ಕಡೆ ತಿರುಗಿಸಿದಳು.

ಬ್ಯಾಡವಾ, ನೀನ ಕುಂಡ್ರು ಅನ್ನಬೇಕಾಗಿತ್ತು. ಅವಳು ಕೂಸು ಹೊತ್ತುಕೊಂಡು ಬಾಗಿಲ ಹತ್ತಿರ ಹೋಗಿ ನಿಂತಳು. ನಾನು ಕುಂತೆ. ಅಂಚಿಗೆ ತುದಿ ಊರಿ ಕುಂತೆ. ಬೆನ್ನು ಹಚ್ಚಲು ಆಗಲಿಲ್ಲ.