ಗ್ಲೆನಿಸ್ ಮೂಸಿ ಕಳಿಸಿದ ಗ್ಲಾಸು

ಬೆಳಗಿನ ಆರು ಗಂಟೆ. ವೈನರಿಯ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಗ್ಲೆನಿಸ್ ಕ್ಲೈನಿಗ್ ನೀರು ಕುದಿಯಲು ಇಟ್ಟಿದ್ದಾರೆ. ಏಳುವ ಹಬೆಗೆ ಗ್ಲಾಸು ಹಿಡಿಯುತ್ತಾರೆ, ಲಿನನ್ ಬಟ್ಟೆಯಲ್ಲಿ ಎರಡು ಸುತ್ತು ತಿರುಗಿಸುತ್ತಾರೆ, ಬೆಳಕಿಗೆ ಎತ್ತಿ ನೋಡುತ್ತಾರೆ. ಆಮೇಲೆ ಮೂಗನ್ನು ಗ್ಲಾಸಿನೊಳಗೆ ಪೂರ್ತಿ ಇಳಿಸಿ, ಕಣ್ಣು ಮುಚ್ಚಿ, ಒಂದು ಉಸಿರು ಎಳೆಯುತ್ತಾರೆ. "ಹೋಗು" ಎಂದು ಗ್ಲಾಸಿಗೇ ಹೇಳಿ ಟ್ರೇಯಲ್ಲಿ ಇಡುತ್ತಾರೆ.

"ಖಾಲಿ ಗ್ಲಾಸಲ್ಲಿ ಮೂಸೋದು ಏನಿರುತ್ತೆ?" ನನ್ನ ಪ್ರಶ್ನೆ.

"ಏನೂ ಇರಬಾರ್ದು ಅಂತಾನೇ ಮೂಸೋದು ಕಣಯ್ಯಾ. ಸೋಪಿಂದೋ, ಬಟ್ಟೇದೋ ವಾಸನೆ ಒಂಚೂರು ಉಳಿದ್ರೂ ಅವರು ಬೈಯೋದು ವೈನನ್ನ. ಪಾಪ, ಅದೇನು ಮಾಡಿತ್ತು?"

ನಮ್ಮ ಬರೋಸಾ ಕಣಿವೆಯಲ್ಲಿ ವೈನ್ ಮಾಡುವವರ ಫೋಟೋ ಗೋಡೆಗೊಂದು ಸಿಗುತ್ತದೆ. ಗ್ಲಾಸು ಒರೆಸುವವರ ಫೋಟೋ ನಾನಂತೂ ಕಂಡಿಲ್ಲ. ಗ್ಲೆನಿಸ್‌ಗೆ ಈಗ ಅರವತ್ತೆಂಟು. ದ್ರಾಕ್ಷಿ ಕೊಯ್ಯುತ್ತಿದ್ದವರು ಸೊಂಟ ಹಿಡಿದುಕೊಂಡಾಗ ಈ ಕೋಣೆಗೆ ಬಂದರು. ಅದಾಗಿ ಮೂವತ್ತೊಂದು ವರ್ಷ. ಈಗಿನ ಯಜಮಾನ ರೋವನ್ ಆಗ ಪೀಪಾಯಿಗಳ ಸಂದಿಯಲ್ಲಿ ಓಡಾಡುವ ನಾಲ್ಕು ವರ್ಷದ ಪೋರ. ಇವತ್ತು ಶನಿವಾರ, ನಲವತ್ತೆರಡು ಅತಿಥಿಗಳು, ಒಬ್ಬೊಬ್ಬರಿಗೂ ಆರು ವೈನು. ಅಂದರೆ ಇನ್ನೂರ ಐವತ್ತೆರಡು ಗ್ಲಾಸು ಆ ಮೂಗಿನಡಿ ಹಾದು ಹೋಗಬೇಕು. ಇಷ್ಟು ವರ್ಷದಲ್ಲಿ ಅವರು ಊಟದ ಹಾಲಿಗೆ ಒಂದು ಸಲವೂ ಕಾಲಿಟ್ಟಿಲ್ಲವಂತೆ.

ಈ ಕೋಣೆಗೆ ಒಂದು ಕಟ್ಟುಪಾಡು ಇದೆ. ಸೆಂಟು, ಪೌಡರು, ಏನನ್ನೂ ಪೂಸಿಕೊಂಡು ಹೊಸ್ತಿಲು ದಾಟುವ ಹಾಗಿಲ್ಲ. ನನಗೆ ನೆನಪೇ ಹೋಗಿ ಗಡ್ಡ ಹೆರೆದು, ಸೆಂಟು ಪೂಸಿಕೊಂಡು ಘಮಘಮ ಎನ್ನುತ್ತಾ ಬಂದುಬಿಟ್ಟಿದ್ದೇನೆ. ಅಡುಗೆಯ ಡಲ್ಸಿ ನನ್ನ ಪಕ್ಕ ಬಂದು ಮೂಗು ಮುಚ್ಚಿಕೊಳ್ಳುತ್ತಾಳೆ. "ಏನ್ ಧೈರ್ಯ ನಿಂದು! ಹೋದ ವರ್ಷ ಒಬ್ಬ ಮದುಮಗನ್ನೇ ಆಚೆ ಅಟ್ಟಿದ್ರು. ನಿನ್ನ ಹೆಂಗೆ ಬಿಟ್ರು?" ಪತ್ರಿಕೆಯವನೆಂಬ ಮರ್ಯಾದೆ ಇರಬೇಕು ಎಂದುಕೊಂಡು ಒಳಗೊಳಗೇ ಉಬ್ಬುತ್ತೇನೆ.

ಮಧ್ಯಾಹ್ನ ಹನ್ನೆರಡು. ಅಡಿಲೇಡಿನಿಂದ ಬಂದ ಬಸ್ಸು ಖಾಲಿಯಾಗಿದೆ. ಮೊದಲ ವೈನು ರೋವನ್ ತಾನೇ ನೆಟ್ಟ ಬಳ್ಳಿಗಳ ಶಿರಾಜ್ ದ್ರಾಕ್ಷಿಯದ್ದು, ಇದೇ ಮೊದಲ ಸಲ ಜನರ ಮುಂದೆ ಬರುತ್ತಿದೆ. ಹೊಗೆಗಿಟ್ಟ ಸಾಸೇಜು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ತಟ್ಟೆಗಳಲ್ಲಿ ಸಿದ್ಧವಾಗಿವೆ. ಐದು ನಿಮಿಷ ಕಳೆದಿಲ್ಲ, ಡಲ್ಸಿ ಓಡಿ ಬರುತ್ತಾಳೆ. "ಕೆಟ್ಟಿತು! ಎಲ್ಲರೂ ಒದ್ದೆ ರಟ್ಟಿನ ವಾಸನೆ ಅಂತಿದಾರೆ. ಬಿರಡೆ ಕೆಟ್ಟಿದೆ ಅಂತ ರೋವನ್ ಐದು ಬಾಟಲಿ ತೆಗೆದ, ಐದೂ ಹಂಗೇ. ಈ ವೈನೇ ಬೇಡ, ಎಲ್ಲಾ ಬಾಟಲಿ ವಾಪಸ್ ತಗೊಳ್ಳಿ ಅಂತಿದಾನೆ."

ಬಿರಡೆ ಕೆಟ್ಟರೆ ವೈನಿಗೆ ಒದ್ದೆ ರಟ್ಟಿನ ನಾತ ಬರುವುದು ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಐದಕ್ಕೆ ಐದೂ? ಗ್ಲೆನಿಸ್ ಕೈಯಲ್ಲಿದ್ದ ಬಟ್ಟೆ ನಿಲ್ಲುತ್ತದೆ. ಅವರ ಕಣ್ಣು ಕಾಲ ಬಳಿಯ ಎರಡು ರಟ್ಟಿನ ಪೆಟ್ಟಿಗೆಗಳ ಮೇಲಿದೆ. ನಿನ್ನೆ ಕಪಾಟು ತುಂಬಿದ್ದರಿಂದ ತೊಳೆದ ನಲವತ್ತೆಂಟು ಗ್ಲಾಸುಗಳನ್ನು ಅವುಗಳಲ್ಲಿ ಬೋರಲು ಹಾಕಿದ್ದರು. ಬೆಳಿಗ್ಗೆ ಮೊದಲು ಹಬೆ ಹಿಡಿದು ಕಳಿಸಿದ್ದು ಅವನ್ನೇ. ಬಳಸದೆ ಉಳಿದಿದ್ದವುಗಳಲ್ಲಿ ಒಂದು ಗ್ಲಾಸನ್ನು ಎತ್ತಿ ಡಲ್ಸಿಯ ಮುಂದೆ ಹಿಡಿಯುತ್ತಾರೆ. "ಮೂಸು."

ಡಲ್ಸಿ ಮೂಸುತ್ತಾಳೆ. ಮುಖ ಹಿಂಡುತ್ತಾಳೆ. "ರಟ್ಟು," ಅನ್ನುತ್ತಾಳೆ ಮೆಲ್ಲಗೆ.

ಗ್ಲೆನಿಸ್ ಏಪ್ರನ್ ಬಿಚ್ಚಿ ಮಡಚಿಟ್ಟು, ನೇರ ಹಾಲಿಗೆ ನಡೆಯುತ್ತಾರೆ. ನಾನು ಹಿಂದೆ. ಈಗ ನನಗೂ ಹೊಳೆಯುತ್ತದೆ. ನನ್ನನ್ನು ಬೆಳಿಗ್ಗೆ ಬೈಯದೆ ಬಿಟ್ಟದ್ದು ಮರ್ಯಾದೆಗಲ್ಲ.

"ರೋವನ್, ವೈನ್ ಚೆನ್ನಾಗಿದೆ. ಕೆಟ್ಟಿರೋದು ಗ್ಲಾಸು," ನಲವತ್ತೆರಡು ಜನರೆದುರು ಹೇಳುತ್ತಾರೆ. "ರಟ್ಟಿನ ಪೆಟ್ಟಿಗೇಲಿ ಹಾಕಿದ್ದೆ. ಮೂಸಿದೆ, ಗೊತ್ತಾಗ್ಲಿಲ್ಲ. ಜ್ವರ ಬಂದು ಹೋಯ್ತಲ್ಲ, ಅವತ್ತಿಂದ ನನ್ನ ಮೂಗಿಗೆ ಏನೂ ಬರ್ತಿಲ್ಲ. ಆರು ವಾರ ಆಯ್ತು. ಹೇಳಿದ್ರೆ ಮನೆಗೆ ಕಳಿಸ್ತೀಯ ಅಂತ ಬಾಯಿ ಮುಚ್ಕೊಂಡಿದ್ದೆ."

ರೋವನ್ ಕಪಾಟಿನಿಂದ ಬೇರೆ ಗ್ಲಾಸು ತಂದು ಅದೇ ಬಾಟಲಿಯಿಂದ ಸುರಿದು ಮೂಸುತ್ತಾನೆ, ಇನ್ನೊಮ್ಮೆ ಮೂಸುತ್ತಾನೆ. ಬಿಗಿದಿದ್ದ ಭುಜ ಸಡಿಲಾಗುತ್ತದೆ. ವೈನಿಗೆ ಏನೂ ಆಗಿಲ್ಲ.

ಅಷ್ಟು ಕಂಡದ್ದೇ ಗ್ಲೆನಿಸ್‌ಗೆ ಹಳೆಯ ಗತ್ತು ಮರಳುತ್ತದೆ. "ಅಲ್ವೋ ಪುಣ್ಯಾತ್ಮ, ಐದು ಬಾಟಲಿ ಹಾಳು ಮಾಡಿದ್ಯಲ್ಲ, ಗ್ಲಾಸೊಂದನ್ನ ಬದಲಾಯ್ಸಿ ನೋಡೋಣ ಅಂತ ತಲೆಗೆ ಬರ್ಲಿಲ್ವಾ?"

"ನೀವು ಮೂಸಿ ಕಳಿಸಿದ ಗ್ಲಾಸು ಆಂಟಿ," ಅನ್ನುತ್ತಾನೆ ರೋವನ್. "ಅದರ ಮೇಲೆ ಅನುಮಾನ ಬರೋದಾದ್ರೂ ಹೆಂಗೆ?"

ಗ್ಲೆನಿಸ್ ಕೈಯಲ್ಲಿದ್ದ ಲಿನನ್ ಬಟ್ಟೆಯಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ. ಗ್ಲಾಸಿನ ಬಟ್ಟೆಗೆ ಬೇರೇನೂ ತಾಗಬಾರದೆಂಬುದು ಅವರದೇ ಕಾನೂನು, ಇವತ್ತು ಅದೂ ಮುರಿಯಿತು.

ಅತಿಥಿಗಳಿಗೆ ಮೊದಲು ಊಟ ಬಡಿಸುತ್ತಾರೆ. ಹಿಂದಿನ ಕೋಣೆಯಲ್ಲಿ ಗ್ಲೆನಿಸ್ ಹೊಸ ಬಟ್ಟೆ ತೆಗೆದು ನಲವತ್ತೆಂಟು ಗ್ಲಾಸನ್ನೂ ಮತ್ತೆ ತೊಳೆದು ಒರೆಸುತ್ತಾರೆ, ಯಜಮಾನ ಪಕ್ಕದಲ್ಲಿ ನಿಂತು ಒಂದೊಂದನ್ನೂ ಮೂಸುತ್ತಾನೆ. "ಕಣ್ಣು ಮುಚ್ಕೊಂಡು ಮೂಸೋ, ಅವಸರ ಯಾಕೆ?" ಎಂದು ಬೈಸಿಕೊಳ್ಳುತ್ತಾನೆ. "ಸೋಮವಾರ ಬರ್ತೀರಲ್ಲ?" ಎಂದು ಅವನೇ ಕೇಳುತ್ತಾನೆ. "ಬರ್ದೆ ಏನು, ನಿನ್ನ ಕೈಗೆ ಇದನ್ನೆಲ್ಲ ಕೊಟ್ಟು ಕೂರ್ಲಾ?"

ಸಂಜೆ ಬಸ್ಸು ಹೋದ ಮೇಲೆ, ದ್ರಾಕ್ಷಿ ರಸದಲ್ಲಿ ಸಬ್ಬಕ್ಕಿ ಬೇಯಿಸಿದ ಕೆಂಪು ಪಾಯಸ ನಮ್ಮಿಬ್ಬರ ಮುಂದಿದೆ. ಗ್ಲೆನಿಸ್ ಬಟ್ಟಲನ್ನು ಅಭ್ಯಾಸಬಲದಿಂದ ಮೂಗಿಗೆ ಹಿಡಿದು, ಸುಮ್ಮನೆ ಇಳಿಸುತ್ತಾರೆ. ಮೂಗು ಸರಿಹೋಗಲು ತಿಂಗಳುಗಟ್ಟಲೆ ಬೇಕಾಗಬಹುದು ಅಂದಿದ್ದಾರಂತೆ ಡಾಕ್ಟರು. ನಾನು ಬೆಳಿಗ್ಗೆ ಪೂಸಿಕೊಂಡು ಬಂದದ್ದನ್ನು ಆಗ ಒಪ್ಪಿಕೊಳ್ಳುತ್ತೇನೆ.

"ಅಯ್ಯೋ ಮುಠ್ಠಾಳ!" ಜೋರಾಗಿ ನಗುತ್ತಾರೆ. ನಗು ನಿಂತ ಮೇಲೆ ಚಮಚ ಕೆಳಗಿಡುತ್ತಾರೆ. "ನನಗೇನು ದೊಡ್ಡ ಆಸೆ ಇಲ್ಲಪ್ಪ. ಇನ್ನೊಂದು ಸಲ ನೀನು ಹಿಂಗೇ ಘಮಘಮ ಅಂತ ಬರ್ಬೇಕು. ನಾನು ಹೊಸ್ತಿಲಲ್ಲೇ ನಿಲ್ಲಿಸಿ, ಬೈದು, ಆಚೆ ಅಟ್ಟಬೇಕು."