ಮೋಟಾರು ಕಟ್ಟಿದ ಹಲಗೆ

ಚನ್ನಪಟ್ಟಣದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ನನ್ನದು. ಮೊದಲು ಗೆಳೆಯನೂ ನಾನೂ ಸೇರಿ ನಡೆಸುತ್ತಿದ್ದೆವು. ಅವನು ಮೋಟಾರು ಬಿಚ್ಚುತ್ತಿದ್ದ, ನಾನು ಸುತ್ತುತ್ತಿದ್ದೆ, ಇಬ್ಬರ ಬಾಯಿಗೂ ಬಿಡುವಿರುತ್ತಿರಲಿಲ್ಲ. ಒಂದು ಸಂಜೆ ಟೀವಿಯಲ್ಲಿ ಯಾವುದೋ ದೇಶದವರು ಗಾಲಿ ಹಾಕಿದ ಉದ್ದ ಹಲಗೆಯ ಮೇಲೆ ನಿಂತು ಇಳಿಜಾರಿನಲ್ಲಿ ಜಾರಿಕೊಂಡು ಹೋಗುತ್ತಿದ್ದರು. 'ಇದ್ಕೆ ಮೋಟ್ರು ಕಟ್ಟುದ್ರೆ ಏರೂ ಹತ್ತುತ್ತೆ ಕಣ್ಲಾ' ಎಂದ ಅವನು. ಆಗಲೇ ಒಂದು ರಟ್ಟು ಹರಿದು ಅದರ ಮೇಲೆ ನಕ್ಷೆ ಬರೆದ. ಇಬ್ಬರೂ ಹಿಂದೆ ಮುಂದೆ ನಿಲ್ಲುವಂತಿರಲಿ ಎಂದು ನಾನು ಒಂದಡಿ ಉದ್ದ ಸೇರಿಸಿದೆ.

ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಸ್ವಲ್ಪ ದಿನದಲ್ಲೇ ಅವನಿಗೆ ಒಂದರಲ್ಲಿ ಕೆಲಸ ಸಿಕ್ಕಿತು. ಕಂಪನಿ ಬಸ್ಸು, ಶಿಫ್ಟು, ಕ್ಯಾಂಟೀನ್ ಊಟ. ನನಗೆ ಸಿಕ್ಕಿದ್ದರೆ ನಾನೂ ಹೋಗುತ್ತಿದ್ದೆ, ಸುಳ್ಳೇಕೆ ಹೇಳಲಿ. ಆದರೆ ವಾರಕ್ಕೊಮ್ಮೆ ಬಂದು ಹೋಗುತ್ತೇನೆ ಎಂದವನು ತಿಂಗಳಾದರೂ ತಲೆ ಹಾಕಲಿಲ್ಲ. ಮೊದಮೊದಲು ಸಿಟ್ಟು ಬಂತು. ಆಮೇಲೆ ಬರೀ ಬೇಸರ. ದಿನವಿಡೀ ರೇಡಿಯೋ ಹಾಕಿಕೊಂಡು ಕೂರುತ್ತಿದ್ದೆ, ಅದಕ್ಕೆ ಉತ್ತರ ಕೊಡುವ ಚಟವೂ ಹತ್ತಿತು. ಹಲಗೆ ಮುಗಿಸಿದರೆ ಅದನ್ನು ನೋಡುವುದಕ್ಕಾದರೂ ಬರುತ್ತಾನೆ ಎಂದುಕೊಂಡು ಆ ರಟ್ಟನ್ನು ಹುಡುಕಿ ತೆಗೆದೆ.

ಗುಜರಿಯಿಂದ ಕಾರಿನ ಫ್ಯಾನಿನ ಮೋಟಾರು ತಂದು ದಪ್ಪ ತಂತಿ ಸುತ್ತಿದೆ. ಯುಪಿಎಸ್‌ನ ಎರಡು ಬ್ಯಾಟರಿ, ಸೈಕಲ್ ಚೈನಿನ ತುಂಡು, ಒಂದು ರಿಲೇ, ಕೈಯಲ್ಲಿ ಹಿಡಿಯಲು ಕಾಲಿಂಗ್ ಬೆಲ್ಲಿನ ಸ್ವಿಚ್ಚು. ಗಾಲಿಗಳನ್ನು ಪಕ್ಕದ ಬೀದಿಯ ಬೊಂಬೆ ಮಾಡುವ ಭಾಯ್ ಹಾಲೆಮರದಲ್ಲಿ ಕಡೆದುಕೊಟ್ಟರು. ಬಣ್ಣ ಬೇಡ ಎಂದಿದ್ದೆ. ಹೋಗಿ ನೋಡಿದರೆ ನಾಲ್ಕೂ ಕೆಂಪಗೆ ಮಿರಮಿರ ಮಿಂಚುತ್ತಿದ್ದವು, ಅಚ್ಚಿನ ತೂತಿನ ಒಳಗೂ ಬಣ್ಣ. 'ಬಣ್ಣ ಆಕ್ದೆ ಮರ ಕೊಟ್ಟು ಅಬ್ಯಾಸ ಇಲ್ಲ ತಮ್ಮಾ' ಎಂದರು. ಅದು ಅರಗಿನ ಬಣ್ಣ. ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಕರಗಿ ಮೆತ್ತಿಕೊಳ್ಳುತ್ತದೆ. ನಮ್ಮೂರಲ್ಲಿ ಇದು ಯಾರಿಗೆ ಗೊತ್ತಿಲ್ಲ? ಅವನಿಗೆ ತೋರಿಸಲು ಚೆನ್ನಾಗಿದೆ ಎಂದು ಕೆರೆಯದೆ ಹಾಗೇ ಬಿಟ್ಟೆ. ಹೊರಗೆ ಟ್ಯೂಬಿನ ರಬ್ಬರು ಸುತ್ತಿ ಕಬ್ಬಿಣದ ಅಚ್ಚಿಗೆ ಸಿಕ್ಕಿಸಿದೆ.

ಭಾನುವಾರ ಬಾ, ಒಂದು ತೋರಿಸುವುದಿದೆ ಎಂದು ಅವನ ತಮ್ಮನ ಹತ್ತಿರ ಹೇಳಿ ಕಳಿಸಿದೆ. ಓವರ್‌ಟೈಮ್ ಇದೆಯಂತೆ, ಬರಲಿಲ್ಲ. ಹಲಗೆಯನ್ನು ಬೈಕಿಗೆ ಕಟ್ಟಿಕೊಂಡು ಕನಕಪುರ ಕಡೆಗೆ ಹೊರಟೆ. ಅಲ್ಲಿ ಹೊಲಗಳನ್ನು ಕೈಗಾರಿಕೆಗೆಂದು ತೆಗೆದುಕೊಂಡು ಅಗಲವಾದ ಟಾರು ರಸ್ತೆ ಹಾಕಿದ್ದರು. ಕಾರ್ಖಾನೆ ಇನ್ನೂ ಒಂದೂ ಬಂದಿರಲಿಲ್ಲ. ಸ್ವಿಚ್ಚು ಒತ್ತಿದೆ. ಹಲಗೆ ಹೊರಟೇಬಿಟ್ಟಿತು. ಏರನ್ನೂ ಹತ್ತಿತು. ನನಗೆ ನಗು ತಡೆಯಲಾಗಲಿಲ್ಲ. ತುದಿಯಲ್ಲಿ ನಿಲ್ಲಿಸಿ, ಯಾರಾದರೂ ನೋಡಿದರೇ ಎಂದು ಸುತ್ತಲೂ ಕಣ್ಣಾಡಿಸಿದೆ. ಒಂದು ನರಪಿಳ್ಳೆಯೂ ಇರಲಿಲ್ಲ. ಯಾರಾದರೂ ಬರಬಹುದೆಂದು ಸುಮಾರು ಹೊತ್ತು ಅಲ್ಲೇ ನಿಂತೆ.

ನಿಲ್ಲಬಾರದಿತ್ತು. ಓಡುವಾಗ ಕರಗಿದ್ದ ಅರಗು ಅಷ್ಟರಲ್ಲಿ ಆರಿ, ಮುಂದಿನ ಒಂದು ಗಾಲಿಯನ್ನು ಅಚ್ಚಿಗೆ ಅಂಟಿಸಿಬಿಟ್ಟಿತ್ತು. ಸ್ವಿಚ್ಚು ಒತ್ತಿದ ಕೂಡಲೇ ಹಲಗೆ ಗಕ್ಕನೆ ತಿರುಗಿತು, ನಾನು ರಸ್ತೆಯ ಮೇಲೆ ಬಿದ್ದೆ. ಮೊಣಕೈಯ ಚರ್ಮ ಕಿತ್ತುಹೋಗಿತ್ತು. ನೋವಿಗಿಂತ ಹೆಚ್ಚಾಗಿ, ಎತ್ತುವವರಿಲ್ಲವಲ್ಲ ಎಂದು ಅಳು ಬಂತು. ಕೇಳಿದವರಿಗೆಲ್ಲ ಬೈಕಿನಿಂದ ಬಿದ್ದೆ ಎಂದೆ.

ಗಾಯ ಒಣಗುವ ಹೊತ್ತಿಗೆ ಗೆಳೆಯ ಬಂದ, ಸುಟ್ಟುಹೋದ ಮಿಕ್ಸಿ ಹಿಡಿದುಕೊಂಡು. ಕ್ಯಾಂಟೀನಿನ ಸಾರು, ಸೂಪರ್‌ವೈಸರನ ಬೈಗುಳ ಎಲ್ಲ ಹೇಳಿದ. ಗೋಡೆ ಪಕ್ಕ ನೆಲದ ಮೇಲೆ ಹಲಗೆ ಇತ್ತು. ಅದನ್ನು ಕಾಲಿನಿಂದ ಒಸಿ ತಳ್ಳಿ ನೋಡಿದ.

'ಯಾರ್ದ್ಲಾ ಇದು? ಇಷ್ಟುದ್ದ ಐತೆ.'

ಛೇಡಿಸುತ್ತಿದ್ದಾನೇನೋ ಎಂದು ಅವನ ಮುಖ ನೋಡಿದೆ. ಛೇಡಿಸುತ್ತಿರಲಿಲ್ಲ.

'ಯಾರೋ ಗಿರಾಕೀದು' ಎಂದೆ. 'ರಿಪೇರಿಗೆ ಬುಟ್ಟೋಗವ್ರೆ.'

ಅವನು ನಂಬಿದ. ಮಿಕ್ಸಿಯನ್ನು ಆ ಹಲಗೆಯ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟ.